ಹಳೇ ಕಾರಿನ ಚಾರ್ಜಿಂಗ್ ತೊಂದರೆ: ಪದೇ ಪದೇ ಕೇಳುವ ಪ್ರಶ್ನೆಗಳು

ಬೆಳಿಗ್ಗೆ ಕೀ ತಿರುಗಿಸುತ್ತೀರಿ. ‘ಟಕ್’ ಅಂತ ಒಂದು ಸದ್ದು, ಆಮೇಲೆ ಏನೂ ಇಲ್ಲ. ಹೊಸ ಬ್ಯಾಟರಿ ಹಾಕಿಸುತ್ತೀರಿ. ಎರಡು ವಾರ ಗಾಡಿ ಚೆನ್ನಾಗಿ ಓಡುತ್ತದೆ. ಮತ್ತೆ ಅದೇ ‘ಟಕ್’. ಹಳೇ ಕಾರು ಇಟ್ಟುಕೊಂಡ ಬಹಳ ಜನ ಈ ಕಷ್ಟ ಪಟ್ಟಿರುತ್ತಾರೆ, ನಾನೂ ಪಟ್ಟಿದ್ದೇನೆ. ಅದಕ್ಕೇ ಒಂದು ಮಾತನ್ನು ಹಟ ಹಿಡಿದು ಹೇಳುತ್ತೇನೆ: ಅಳೆದು ನೋಡದೆ ಯಾವ ಭಾಗವನ್ನೂ ಬದಲಿಸಬೇಡಿ. ಕೆಳಗಿನ ಉತ್ತರಗಳೆಲ್ಲ 12 ವೋಲ್ಟ್‌ನ ಹಳೇ ಕಾರುಗಳಿಗೆ. ಹೊಸ ಕಾರುಗಳಲ್ಲಿ ಚಾರ್ಜಿಂಗ್ ವೋಲ್ಟೇಜನ್ನು ಕಂಪ್ಯೂಟರೇ ಏರಿಸಿ ಇಳಿಸುವುದರಿಂದ ಅಲ್ಲಿ ಈ ಅಂಕಿಗಳು ಹೀಗೇ ಬರುವುದಿಲ್ಲ.

ಸೆಲ್ಫ್ ತಿರುಗುತ್ತಿಲ್ಲ. ಬ್ಯಾಟರಿ ಹೋಗಿದೆಯಾ, ಆಲ್ಟರ್ನೇಟರ್ ಹೋಗಿದೆಯಾ?

ಸದ್ದು ಕೇಳಿ ಮಾತ್ರ ಇದನ್ನು ಹೇಳಲು ಆಗುವುದಿಲ್ಲ. ಬ್ಯಾಟರಿ ಎಂದರೆ ನೀರಿನ ತೊಟ್ಟಿ, ಆಲ್ಟರ್ನೇಟರ್ ಎಂದರೆ ಅದನ್ನು ತುಂಬಿಸುವ ಪಂಪು. ತೊಟ್ಟಿ ಖಾಲಿಯಾಗಲು ಮೂರು ಕಾರಣ ಇರಬಹುದು. ಪಂಪು ಕೆಲಸ ಮಾಡುತ್ತಿಲ್ಲ, ತೊಟ್ಟಿಯೇ ನೀರು ಹಿಡಿದಿಟ್ಟುಕೊಳ್ಳುತ್ತಿಲ್ಲ, ಅಥವಾ ರಾತ್ರಿಯೆಲ್ಲ ಯಾವುದೋ ನಲ್ಲಿ ತೊಟ್ಟಿಕ್ಕುತ್ತಿದೆ. ಹಳೇ ಕಾರಿಗೆ ನಾಲ್ಕನೆಯದನ್ನೂ ಸೇರಿಸಬೇಕು. ಪಂಪು, ತೊಟ್ಟಿ ಎರಡೂ ಸರಿಯಿದ್ದು ಮಧ್ಯದ ಪೈಪು ಕಟ್ಟಿಕೊಂಡಿರಬಹುದು. ಇಲ್ಲಿ ಪೈಪು ಎಂದರೆ ವೈರು, ಟರ್ಮಿನಲ್, ಅರ್ಥಿಂಗ್ (ಇಂಜಿನ್, ಬಾಡಿಯ ಲೋಹದ ಮೂಲಕ ಕರೆಂಟು ಬ್ಯಾಟರಿಗೆ ವಾಪಸ್ ಬರುವ ದಾರಿ). ನಾನು ಕಂಡ ಹಳೇ ಗಾಡಿಗಳಲ್ಲಿ ಈ ನಾಲ್ಕನೆಯ ಕಾರಣವೇ ಜಾಸ್ತಿ. ಆದರೆ ಯಾರೂ ಮೊದಲು ನೋಡದೆ ಇರುವುದೂ ಅದನ್ನೇ.

ಇದಕ್ಕೆ ಏನೇನು ಸಾಮಾನು ಬೇಕು?

ಒಂದು ಸಾಧಾರಣ ಡಿಜಿಟಲ್ ಮಲ್ಟಿಮೀಟರ್. ಟರ್ಮಿನಲ್ ಉಜ್ಜಲು ವೈರ್ ಬ್ರಷ್, ಒಂದಿಷ್ಟು ಸ್ಪ್ಯಾನರ್, ಟಾರ್ಚ್, ಕಣ್ಣಿಗೆ ಕನ್ನಡಕ. ಇಷ್ಟು ಸಾಕು. ಕೈಯಲ್ಲಿರುವ ಉಂಗುರ, ವಾಚು, ಬಳೆ ತೆಗೆದಿಡಿ. ಸ್ಪ್ಯಾನರ್ ಜಾರಿ ಪ್ಲಸ್ ಟರ್ಮಿನಲ್ಲಿಗೂ ಬಾಡಿಗೂ ಒಟ್ಟಿಗೆ ತಾಗಿದರೆ ಕ್ಷಣದಲ್ಲಿ ಕಾದು ಕೆಂಪಾಗುತ್ತದೆ. ಚಾರ್ಜ್ ಆಗುತ್ತಿರುವ ಬ್ಯಾಟರಿಯಿಂದ ಹೈಡ್ರೋಜನ್ ಗ್ಯಾಸ್ ಬರುತ್ತದೆ. ಹತ್ತಿರ ಬೀಡಿ, ಬೆಂಕಿಕಡ್ಡಿ, ಕಿಡಿ ಯಾವುದೂ ಇರಬಾರದು. ಬ್ಯಾಟರಿ ಬಿಚ್ಚುವಾಗ ಮೊದಲು ಅರ್ಥ್ ಟರ್ಮಿನಲ್ (ಬಾಡಿಗೆ ಸೇರಿರುವುದು, ಸಾಮಾನ್ಯವಾಗಿ ಮೈನಸ್) ತೆಗೆಯಿರಿ, ಹಾಕುವಾಗ ಅದನ್ನು ಕೊನೆಗೆ ಹಾಕಿ.

ಮೊದಲು ಏನನ್ನು ಅಳೆಯಬೇಕು?

ರಾತ್ರಿಯಿಡೀ ನಿಂತ ಗಾಡಿಯ ಬ್ಯಾಟರಿ ವೋಲ್ಟೇಜು. ಮೀಟರನ್ನು ಡಿಸಿ 20 ವೋಲ್ಟ್‌ಗೆ ಇಟ್ಟು ಕಡ್ಡಿಗಳನ್ನು ನೇರ ಬ್ಯಾಟರಿಯ ಸೀಸದ ಕಂಬಗಳಿಗೇ ಒತ್ತಿ ಹಿಡಿಯಿರಿ, ಮೇಲಿನ ಕ್ಲಾಂಪಿಗಲ್ಲ. 12.6 ಅಥವಾ ಅದಕ್ಕಿಂತ ಸ್ವಲ್ಪ ಮೇಲಿದ್ದರೆ ಬ್ಯಾಟರಿ ತುಂಬಿದೆ. 12.4 ಎಂದರೆ ಮುಕ್ಕಾಲು, 12.2 ಎಂದರೆ ಅರ್ಧ, 12.0 ಎಂದರೆ ಕಾಲು ಭಾಗ ಉಳಿದಿದೆ ಎಂದು ತಿಳಿಯಿರಿ. 12 ವೋಲ್ಟ್ ಬ್ಯಾಟರಿಯಲ್ಲಿ 12 ವೋಲ್ಟ್ ಇದ್ದರೆ ಸರಿಯೇ ಅಲ್ವಾ ಎಂದು ಕೇಳುವವರು ಬಹಳ. ಸರಿಯಲ್ಲ, ಅದು ಹಸಿದಿರುವ ಬ್ಯಾಟರಿ.

ಒಳಗೆ ಆರು ಸೆಲ್‌ಗಳಿವೆ, ಒಂದೊಂದೂ ಸುಮಾರು 2.1 ವೋಲ್ಟ್. ಎಷ್ಟು ಚಾರ್ಜ್ ಮಾಡಿದರೂ ಸ್ವಲ್ಪ ಹೊತ್ತಿಗೆ 10.5ರ ಆಸುಪಾಸಿಗೇ ಬಂದು ನಿಂತರೆ ಒಂದು ಸೆಲ್ ಸತ್ತಿದೆ ಎಂದು ಲೆಕ್ಕ. ಆ ಬ್ಯಾಟರಿಯನ್ನು ಬದಲಿಸಲೇಬೇಕು.

ಈಗಷ್ಟೇ ಓಡಿಸಿ ಬಂದ ಗಾಡಿಯಲ್ಲಿ ಈ ಅಳತೆ ಸುಳ್ಳು ಹೇಳುತ್ತದೆ. ಚಾರ್ಜ್ ಆದ ಹೊಸದರಲ್ಲಿ ವೋಲ್ಟೇಜು ಮೇಲೆ ಮೇಲೆ ತೇಲುತ್ತಿರುತ್ತದೆ. ಕಾಯಲು ಆಗದಿದ್ದರೆ ಹೆಡ್‌ಲೈಟ್ ಎರಡು ನಿಮಿಷ ಹಾಕಿ, ಆರಿಸಿ, ಸ್ವಲ್ಪ ಹೊತ್ತು ಬಿಟ್ಟು ಅಳೆಯಿರಿ.

ಇನ್ನೊಂದು ಪರೀಕ್ಷೆ ಸೆಲ್ಫ್ ಹೊಡೆಯುವಾಗ. ಮೀಟರ್ ಬ್ಯಾಟರಿಗೆ ಹಿಡಿದಿರಿ, ಇನ್ನೊಬ್ಬರು ಕೀ ತಿರುಗಿಸಲಿ. ತುಂಬಿದ ಬ್ಯಾಟರಿಯಾದರೆ ಆಗ 9.6 ವೋಲ್ಟ್‌ಗಿಂತ ಕೆಳಗೆ ಇಳಿಯಬಾರದು. 12.6 ತೋರಿಸುತ್ತಿದ್ದದ್ದು ಸೆಲ್ಫ್ ಹೊಡೆದ ಕೂಡಲೇ 7ಕ್ಕೆ ಬಿದ್ದರೆ ಬ್ಯಾಟರಿಯಲ್ಲಿ ಜೀವ ಇಲ್ಲ. ಮುಚ್ಚಳ ತೆಗೆಯಬಹುದಾದ ಬ್ಯಾಟರಿಯಾದರೆ ಆಸಿಡ್ಡಿನ ಸಾಂದ್ರತೆ ಅಳೆಯುವ ಹೈಡ್ರೋಮೀಟರ್ ಇನ್ನೂ ಚೆನ್ನಾಗಿ ಹೇಳುತ್ತದೆ. ತುಂಬಿದ ಸೆಲ್‌ನಲ್ಲಿ ಆಸಿಡ್ ಸುಮಾರು 1.265 ತೋರಿಸಬೇಕು. ಐದು ಸೆಲ್ ಒಂದೇ ಸಮ ಇದ್ದು ಒಂದು ಮಾತ್ರ 0.050ರಷ್ಟು ಕೆಳಗಿದ್ದರೆ ಕೆಟ್ಟಿರುವುದು ಅದೇ.

ಇಂಜಿನ್ ಓಡುವಾಗ ಎಷ್ಟಿರಬೇಕು?

13.8ರಿಂದ 14.5 ವೋಲ್ಟ್‌ವರೆಗೆ. ಇಂಜಿನ್ ತಣ್ಣಗಿದ್ದಾಗ ಮೇಲಿನ ಅಂಚಿನಲ್ಲಿ, ಚೆನ್ನಾಗಿ ಬಿಸಿಯಾದ ಮೇಲೆ ಕೆಳಗಿನ ಅಂಚಿನಲ್ಲಿ ಇರುವುದು ಸಹಜ. ಐಡಲ್‌ನಲ್ಲಿ ಸ್ವಲ್ಪ ಕಡಿಮೆ ಇದ್ದು, ರೇಸ್ ಕೊಟ್ಟ ಕೂಡಲೇ 14 ದಾಟಿದರೆ ಹೆದರಬೇಡಿ. ರೇಸ್ ಕೊಟ್ಟರೂ 12.4ರಲ್ಲೇ ಕೂತು ನಿಧಾನಕ್ಕೆ ಇಳಿಯುತ್ತಿದ್ದರೆ ಚಾರ್ಜ್ ಆಗುತ್ತಲೇ ಇಲ್ಲ. 15 ದಾಟಿದರೆ ಅದು ಬೇರೆ ಕಾಯಿಲೆ, ಮುಂದೆ ಹೇಳುತ್ತೇನೆ.

14 ವೋಲ್ಟ್ ಬರುತ್ತಿದೆ, ಆದರೂ ವಾರಕ್ಕೊಮ್ಮೆ ಬ್ಯಾಟರಿ ಡೌನ್. ಯಾಕೆ?

ಎಲ್ಲ ಆಫ್ ಮಾಡಿ ಅಳೆದಿದ್ದೀರಿ. ಭಾರ ಹೊರಿಸಿ ಅಳೆಯಿರಿ. ಹೆಡ್‌ಲೈಟ್, ಬ್ಲೋವರ್, ವೈಪರ್, ಹಿಂದಿನ ಗಾಜಿನ ಹೀಟರ್ ಇದ್ದರೆ ಅದು, ಎಲ್ಲ ಹಾಕಿ. ಇಂಜಿನ್ ಸುಮಾರು 2000 ಸುತ್ತಿನಲ್ಲಿ ಇರಲಿ. ಆಗಲೂ 13.5ಕ್ಕಿಂತ ಮೇಲೆ ಇದ್ದರೆ ಆಲ್ಟರ್ನೇಟರ್ ಕೆಲಸ ಮಾಡುತ್ತಿದೆ. 12.8ಕ್ಕೆ ಇಳಿದು ಅಲ್ಲೇ ಒದ್ದಾಡಿದರೆ ಮೂರರಲ್ಲಿ ಒಂದು: ಬೆಲ್ಟ್ ಜಾರುತ್ತಿದೆ, ಆಲ್ಟರ್ನೇಟರ್ ಒಳಗೆ ಎಸಿಯನ್ನು ಡಿಸಿ ಮಾಡುವ ಡಯೋಡ್ ಹೋಗಿದೆ, ಇಲ್ಲವೇ ವೈರಿಂಗ್‌ನಲ್ಲಿ ತಡೆ ಇದೆ.

ಲೆಕ್ಕವನ್ನೂ ಮಾಡಿ ನೋಡಿ. 55 ವ್ಯಾಟ್‌ನ ಎರಡು ಹೆಡ್‌ಲೈಟ್‌ಗೇ ಸುಮಾರು 8ರಿಂದ 9 ಆಂಪಿಯರ್ ಬೇಕು. ಬ್ಲೋವರ್ ಜೋರಾಗಿಟ್ಟರೆ ಇನ್ನೊಂದು ಹತ್ತು. ಹಳೇ ಕಾರಿನ ಆಲ್ಟರ್ನೇಟರ್ ಮೇಲೆ 45 ಆಂಪಿಯರ್ ಅಂತ ಬರೆದಿದ್ದರೂ ಐಡಲ್‌ನಲ್ಲಿ ಅದರ ಅರ್ಧವೂ ಬರದೇ ಇರಬಹುದು. ದಿನವೂ ಟ್ರಾಫಿಕ್ಕಿನಲ್ಲಿ ನಿಂತು ನಿಂತು ಹೋಗುವ ಗಾಡಿಗೆ ದೊಡ್ಡ ಮ್ಯೂಸಿಕ್ ಸಿಸ್ಟಮ್ಮು, ಹೆಚ್ಚುವರಿ ಲೈಟು ಹಾಕಿದ್ದರೆ ಯಾವ ಭಾಗವೂ ಕೆಡದೆಯೇ ಬ್ಯಾಟರಿ ಸೋಲುತ್ತದೆ.

ಸೆಲ್ಫ್ ಹೊಡೆದು ಹೊಡೆದೇ ಬ್ಯಾಟರಿ ಖಾಲಿಯಾಗುತ್ತದೆ ಎಂದು ಬಹಳ ಜನ ನಂಬಿದ್ದಾರೆ. 200 ಆಂಪಿಯರ್ ಮೂರು ಸೆಕೆಂಡು ಎಳೆದರೂ ಖರ್ಚಾಗುವುದು 0.2 ಆಂಪಿಯರ್ ಅವರ್‌ಗಿಂತ (ಒಂದು ಆಂಪಿಯರ್ ಒಂದು ಗಂಟೆ ಹರಿದರೆ ಒಂದು ಆಂಪಿಯರ್ ಅವರ್) ಕಡಿಮೆ. ಕೆಲವೇ ನಿಮಿಷ ಓಡಿಸಿದರೆ ಅದು ವಾಪಸ್ ಬರುತ್ತದೆ.

ವೈರಿಂಗ್‌ನಲ್ಲಿ ತಡೆ ಇದೆ ಅಂತ ಕಂಡುಹಿಡಿಯುವುದು ಹೇಗೆ?

ಈ ಇಡೀ ಪಟ್ಟಿಯಲ್ಲಿ ಒಂದೇ ಒಂದು ಪರೀಕ್ಷೆ ಕಲಿಯುವುದಾದರೆ ಇದನ್ನು ಕಲಿಯಿರಿ. ವೋಲ್ಟೇಜ್ ಡ್ರಾಪ್ ಪರೀಕ್ಷೆ ಎನ್ನುತ್ತಾರೆ. ಏನನ್ನೂ ಬಿಚ್ಚಬೇಕಾಗಿಲ್ಲ.

ಇಂಜಿನ್ ಓಡಲಿ, ಹೆಡ್‌ಲೈಟ್ ಮತ್ತು ಬ್ಲೋವರ್ ಹಾಕಿರಲಿ. ಮೀಟರಿನ ಒಂದು ಕಡ್ಡಿಯನ್ನು ಆಲ್ಟರ್ನೇಟರ್ ಹಿಂದಿರುವ ದಪ್ಪ ವೈರಿನ ಬೋಲ್ಟಿಗೆ ಹಿಡಿಯಿರಿ. ಅದನ್ನು ಬಿ ಪ್ಲಸ್ ಎಂದು ಕರೆಯುತ್ತಾರೆ. ಇನ್ನೊಂದು ಕಡ್ಡಿ ಬ್ಯಾಟರಿಯ ಪ್ಲಸ್ ಕಂಬಕ್ಕೆ. ಎರಡೂ ಪ್ಲಸ್ಸೇ ಆದ್ದರಿಂದ ಮೀಟರ್ ಸೊನ್ನೆ ತೋರಿಸಬೇಕು ಅನ್ನಿಸುತ್ತದೆ. ಸೊನ್ನೆ ಬರುವುದಿಲ್ಲ. ಮಧ್ಯದ ವೈರು ಎಷ್ಟು ವೋಲ್ಟ್ ತಿನ್ನುತ್ತಿದೆಯೋ ಅಷ್ಟು ಬರುತ್ತದೆ. 0.2 ಇದ್ದರೆ ಚೆನ್ನ, 0.3ರವರೆಗೆ ಪರವಾಗಿಲ್ಲ, ಅದಕ್ಕೂ ಮೇಲಿದ್ದರೆ ವೈರು, ಅದರ ತುದಿಯ ಲೋಹದ ಲಗ್ಗು ಅಥವಾ ಬ್ಯಾಟರಿ ಹತ್ತಿರ ದೊಡ್ಡ ಫ್ಯೂಸಿನಂತಿರುವ ಫ್ಯೂಸಿಬಲ್ ಲಿಂಕ್ ಸರಿಯಿಲ್ಲ. ಆಮೇಲೆ ಒಂದು ಕಡ್ಡಿ ಆಲ್ಟರ್ನೇಟರಿನ ಅಲ್ಯೂಮಿನಿಯಂ ಮೈಗೆ, ಇನ್ನೊಂದು ಬ್ಯಾಟರಿಯ ಮೈನಸ್ ಕಂಬಕ್ಕೆ. ಇಲ್ಲಿ 0.1 ಇರಬೇಕು, 0.2 ದಾಟಬಾರದು. ಅಂಕಿಯ ಮುಂದೆ ಮೈನಸ್ ಗುರುತು ಬಂದರೆ ತಲೆ ಕೆಡಿಸಿಕೊಳ್ಳಬೇಡಿ. ಫ್ಯಾನು, ಬೆಲ್ಟಿನಿಂದ ಕೈ ಮತ್ತು ಬಟ್ಟೆ ದೂರ ಇರಲಿ.

ನನ್ನ ಹಳೇ ಕಾರಿನಲ್ಲಿ ಹೀಗಾಗಿತ್ತು. ಹೊಸ ಬ್ಯಾಟರಿ ಬಂತು. ಆಲ್ಟರ್ನೇಟರ್ ಬಿಚ್ಚಿ ಬ್ರಷ್, ಬೇರಿಂಗ್ ಎಲ್ಲ ಹೊಸದು ಹಾಕಿಸಿದ್ದಾಯಿತು. ಆದರೂ ಬ್ಯಾಟರಿಯಲ್ಲಿ 13.3ಕ್ಕಿಂತ ಮೇಲೆ ಏರುತ್ತಿರಲಿಲ್ಲ. ಸೆಲ್ಫ್ ಕೂಡ ಎಳೆದೆಳೆದು ತಿರುಗುತ್ತಿತ್ತು. ಬ್ಯಾಟರಿ ತುಂಬದಿದ್ದರೆ ಹಾಗೇ ಅಲ್ವಾ ಅಂದುಕೊಂಡಿದ್ದೆ. ಕೊನೆಗೆ ಆಲ್ಟರ್ನೇಟರಿನ ಮೇಲೇ ಅಳೆದೆ, 14.0 ಇತ್ತು. ಪ್ಲಸ್ ಕಡೆ ಡ್ರಾಪ್ 0.1. ಅರ್ಥ್ ಕಡೆ 0.6. ಗಾಡಿ ಕೆಳಗೆ ಟಾರ್ಚ್ ಹಿಡಿದು ನೋಡಿದರೆ ಇಂಜಿನ್ನಿನಿಂದ ಬಾಡಿಗೆ ಹೋಗುವ ಹೆಣೆದ ಅರ್ಥ್ ಪಟ್ಟಿ. ಹಿಂದೆ ಯಾವತ್ತೋ ಇಂಜಿನ್ ಇಳಿಸಿದ್ದಾಗ ಬಾಡಿಗೆ ಬಣ್ಣ ಹೊಡೆದು, ಆ ಬಣ್ಣದ ಮೇಲೇ ಬೋಲ್ಟ್ ಬಿಗಿದಿದ್ದರು. ಬೋಲ್ಟ್ ಬಿಚ್ಚಿದಾಗ ವಾಷರಿನ ಗಾತ್ರದ ಬಣ್ಣದ ಬಿಲ್ಲೆ ಹಾಗೇ ಇತ್ತು, ಅಂಚಿನಲ್ಲಿ ಮಾತ್ರ ಉಗುರಿನಷ್ಟು ಜಾಗದಲ್ಲಿ ತುಕ್ಕು ಹಿಡಿದ ಲೋಹ. ಆ ಉಗುರಿನಷ್ಟು ಜಾಗದಲ್ಲೇ ಇಡೀ ಗಾಡಿಯ ಕರೆಂಟು ಹಾದುಹೋಗಬೇಕಿತ್ತು. ಮರಳು ಕಾಗದದಲ್ಲಿ ಬೆಳ್ಳಗೆ ಉಜ್ಜಿ ಮತ್ತೆ ಬಿಗಿದೆ. ಡ್ರಾಪ್ 0.05ಕ್ಕೆ ಇಳಿಯಿತು. ಆ ರಾತ್ರಿ ಹೆಡ್‌ಲೈಟ್ ಬೆಳಕಿನ ಬಣ್ಣವೇ ಬದಲಾಗಿತ್ತು.

ಅರ್ಥ್ ಪಟ್ಟಿ ಪೂರ್ತಿ ತುಂಡಾದರೆ ಕರೆಂಟು ಬೇರೆ ದಾರಿ ಹುಡುಕುತ್ತದೆ. ಕ್ಲಚ್ ಕೇಬಲ್, ಆಕ್ಸಿಲರೇಟರ್ ಕೇಬಲ್, ಗೇರ್ ಲಿಂಕೇಜ್ ಮೂಲಕ ಹರಿಯುತ್ತದೆ. ಸೆಲ್ಫ್ ಹೊಡೆದಾಗ ಕ್ಲಚ್ ಕೇಬಲ್ ಬಿಸಿಯಾಗುತ್ತಿದ್ದರೆ, ಕೇಬಲ್ಲಿನ ಹೊರಪದರ ಕರಗಿದ್ದರೆ, ಮೊದಲು ಅರ್ಥಿಂಗ್ ನೋಡಿ. ಕೇಬಲ್ ಬದಲಿಸುತ್ತಾ ಹೋದರೆ ಅದೂ ಸುಡುತ್ತದೆ.

ಟರ್ಮಿನಲ್ ಮೇಲೆ ಬಿಳಿ, ಹಸಿರು ಪುಡಿ ಬೆಳೆಯುತ್ತದೆ. ಏನು ಮಾಡಬೇಕು?

ಅಡುಗೆ ಸೋಡಾ ನೀರಿಗೆ ಹಾಕಿ ತೊಳೆಯಿರಿ. ಬುಸುಗುಟ್ಟಿ ಬಿಟ್ಟುಕೊಳ್ಳುತ್ತದೆ. ಆ ನೀರು ಸೆಲ್ ಒಳಗೆ ಹೋಗಬಾರದು. ಒಣಗಿಸಿ, ಕಂಬ ಮತ್ತು ಕ್ಲಾಂಪಿನ ಒಳಮೈ ಎರಡನ್ನೂ ಹೊಳೆಯುವ ತನಕ ಉಜ್ಜಿ, ಬಿಗಿದ ಮೇಲೆ ಮೇಲಿನಿಂದ ಪೆಟ್ರೋಲಿಯಂ ಜೆಲ್ಲಿ ಹಚ್ಚಿ. ಹೊರಗಡೆ ಕ್ಲೀನ್ ಆಗಿ ಕಾಣುವ ವೈರನ್ನೂ ಬೆರಳಿನಿಂದ ಹಿಸುಕಿ ನೋಡಿ. ಪ್ಲಾಸ್ಟಿಕ್ ಹೊದಿಕೆಯ ಒಳಗೇ ತಾಮ್ರ ಹಸಿರುಗಟ್ಟಿ ಪುಡಿಯಾಗಿದ್ದರೆ ವೈರು ಗಟ್ಟಿಯಾಗಿ, ಒಳಗೆ ಮರಳು ತುಂಬಿದ ಹಾಗೆ ಚರಚರ ಅನ್ನುತ್ತದೆ.

ಡ್ಯಾಶ್‌ಬೋರ್ಡ್‌ನ ಕೆಂಪು ಬ್ಯಾಟರಿ ದೀಪ ಏನು ಹೇಳುತ್ತದೆ?

ಅದರ ಕೆಲಸ ತಿಳಿದುಕೊಂಡರೆ ಅರ್ಧ ರಿಪೇರಿ ಆದ ಹಾಗೆ. ಕೀ ಆನ್ ಮಾಡಿದಾಗ ಬ್ಯಾಟರಿಯಿಂದ ಕರೆಂಟು ಆ ಸಣ್ಣ ಬಲ್ಬಿನ ಮೂಲಕ ಹಾದು ಆಲ್ಟರ್ನೇಟರಿನ ಡಿ ಪ್ಲಸ್ ಟರ್ಮಿನಲ್ಲಿಗೆ ಹೋಗುತ್ತದೆ. ಕೆಲವು ಗಾಡಿಗಳಲ್ಲಿ ಅದಕ್ಕೆ ಎಲ್ ಎಂದು ಬರೆದಿರುತ್ತದೆ. ಅಲ್ಲಿಂದ ರೋಟರಿನ (ಆಲ್ಟರ್ನೇಟರ್ ಒಳಗೆ ತಿರುಗುವ ಭಾಗ) ಕಾಯಿಲ್‌ಗೆ ಹೋಗಿ ಅದನ್ನು ಮ್ಯಾಗ್ನೆಟ್ ಮಾಡುತ್ತದೆ. ಇಂಜಿನ್ ಸ್ಟಾರ್ಟ್ ಆಗಿ ಆಲ್ಟರ್ನೇಟರ್ ತಾನೇ ಕರೆಂಟು ಹುಟ್ಟಿಸಲು ಶುರು ಮಾಡಿದಾಗ ಬಲ್ಬಿನ ಎರಡೂ ಬದಿ ಒಂದೇ ವೋಲ್ಟೇಜು ಬರುತ್ತದೆ. ಆಗ ದೀಪ ಆರುತ್ತದೆ. ಎಷ್ಟೋ ಹಳೇ ಕಾರುಗಳಲ್ಲಿ ಆ ದೀಪ ಎಚ್ಚರಿಕೆ ಕೊಡುವುದಷ್ಟೇ ಅಲ್ಲ, ಚಾರ್ಜಿಂಗ್ ಶುರು ಮಾಡುವುದೂ ಅದೇ.

ಆದ್ದರಿಂದ ಕೀ ಆನ್ ಮಾಡಿದಾಗ ದೀಪ ಹತ್ತದೇ ಇದ್ದರೆ ಅದನ್ನು ಸುಮ್ನೆ ಬಿಡಬೇಡಿ. ಬಲ್ಬು ಸುಟ್ಟಿರಬಹುದು, ವೈರು ಕಳಚಿರಬಹುದು, ಒಳಗೆ ಕಾರ್ಬನ್ ಬ್ರಷ್ ಸವೆದು ರೋಟರಿಗೆ ತಾಗದೇ ಇರಬಹುದು. ಡಿ ಪ್ಲಸ್ ವೈರನ್ನು ಆಲ್ಟರ್ನೇಟರಿನಿಂದ ಎಳೆದು, ಕೀ ಆನ್ ಇಟ್ಟು, ಇಂಜಿನ್ನಿನ ಲೋಹಕ್ಕೆ ತಾಗಿಸಿ ನೋಡಿ. ದೀಪ ಹತ್ತಿದರೆ ಬಲ್ಬು, ವೈರು ಸರಿಯಿವೆ, ದೋಷ ಆಲ್ಟರ್ನೇಟರ್ ಒಳಗಿದೆ. ಹತ್ತದಿದ್ದರೆ ಆಲ್ಟರ್ನೇಟರ್ ಬಿಚ್ಚುವ ಅಗತ್ಯವೇ ಇಲ್ಲ. ಇದು ತೆಳ್ಳಗಿನ ವೈರು. ದಪ್ಪ ಬಿ ಪ್ಲಸ್ ವೈರನ್ನು ಮಾತ್ರ ಯಾವ ಕಾರಣಕ್ಕೂ ಲೋಹಕ್ಕೆ ತಾಗಿಸಬೇಡಿ. ಅದರಲ್ಲಿ ಯಾವಾಗಲೂ ಬ್ಯಾಟರಿ ಕರೆಂಟು ಇರುತ್ತದೆ.

ಆ ಬಲ್ಬಿನ ಜಾಗಕ್ಕೆ ಎಲ್‌ಇಡಿ ಹಾಕಿದ ಮೇಲೆ ಚಾರ್ಜಿಂಗ್ ನಿಂತಿತು ಅನ್ನುವುದನ್ನೂ ಈಚೆಗೆ ಬಹಳ ಕೇಳುತ್ತಿದ್ದೇನೆ. ಎಲ್‌ಇಡಿಯಲ್ಲಿ ರೋಟರನ್ನು ಎಬ್ಬಿಸುವಷ್ಟು ಕರೆಂಟು ಹರಿಯುವುದಿಲ್ಲ. ಡ್ಯಾಶ್‌ಬೋರ್ಡ್ ಪೂರ್ತಿ ಎಲ್‌ಇಡಿ ಮಾಡಿದರೂ ಇದೊಂದಕ್ಕೆ ಹಳೇ ಬಲ್ಬೇ ಇರಲಿ.

ಇಂಜಿನ್ ಓಡುವಾಗ ದೀಪ ಪೂರ್ತಿ ಉರಿಯುತ್ತಿದ್ದರೆ ಚಾರ್ಜಿಂಗ್ ಇಲ್ಲ. ರಾತ್ರಿ ಮಾತ್ರ ಕಾಣುವಷ್ಟು ಮಂಕಾಗಿ ಉರಿಯುತ್ತಿದ್ದರೆ ಡಯೋಡ್ ಒಂದು ಹೋಗಿದೆ, ಅಥವಾ ದಪ್ಪ ವೈರಿನಲ್ಲೋ ಇಗ್ನಿಷನ್ ಸ್ವಿಚ್‌ನಲ್ಲೋ ತಡೆ ಇದೆ. ಕೀ ತೆಗೆದ ಮೇಲೂ ಉರಿಯುತ್ತಿದ್ದರೆ ಡಯೋಡ್ ಶಾರ್ಟ್ ಆಗಿದೆ. ಆಗ ಅರ್ಥ್ ಟರ್ಮಿನಲ್ ಬಿಚ್ಚಿಟ್ಟು ಮಲಗಿ, ಇಲ್ಲದಿದ್ದರೆ ಬೆಳಿಗ್ಗೆ ಬ್ಯಾಟರಿ ಇರುವುದಿಲ್ಲ.

ದೀಪ ಆರಿದೆ ಎಂದರೆ ಎಲ್ಲ ಸರಿ ಅಂತಲೂ ಅಲ್ಲ. ನಾನು ಮೇಲೆ ಹೇಳಿದ ಬಣ್ಣದ ಬಿಲ್ಲೆಯ ಕಾಲದಲ್ಲಿ ನನ್ನ ಗಾಡಿಯ ದೀಪ ಒಂದು ದಿನವೂ ಹತ್ತಿರಲಿಲ್ಲ.

ಬೆಲ್ಟ್ ಸರಿಯಿದೆಯಾ ಅಂತ ತಿಳಿಯುವುದು ಹೇಗೆ?

ಇಂಜಿನ್ ಆಫ್, ಕೀ ಕಿಸೆಯಲ್ಲಿ. ಆಲ್ಟರ್ನೇಟರಿನ ಫ್ಯಾನನ್ನು ಬೆರಳಿನಿಂದ ತಿರುಗಿಸಲು ನೋಡಿ. ಬೆಲ್ಟಿನ ಮೇಲೆ ಪುಲ್ಲಿ ಜಾರಿದರೆ ಬೆಲ್ಟ್ ಸಡಿಲ. ಎರಡು ಪುಲ್ಲಿಗಳ ನಡುವಿನ ಉದ್ದನೆಯ ಭಾಗವನ್ನು ಹೆಬ್ಬೆರಳಿನಿಂದ ಒತ್ತಿದಾಗ ಹತ್ತು ಹನ್ನೆರಡು ಮಿಲಿಮೀಟರ್ ಬಗ್ಗಬೇಕು. ಬೆಲ್ಟಿನ ಪಕ್ಕ ಗಾಜಿನಂತೆ ಹೊಳೆಯುತ್ತಿದ್ದರೆ ಬಿಗಿದರೂ ಜಾರುತ್ತದೆ, ಬದಲಿಸಿ. ಸ್ಟಾರ್ಟ್ ಮಾಡಿದ ಕೂಡಲೇ ಅಥವಾ ಹೆಡ್‌ಲೈಟ್ ಹಾಕಿದಾಗ ಕಿರ್ರ್ ಅಂದರೆ ಅದೇ ಕಾರಣ. ಹಾಗಂತ ತಂತಿಯಂತೆ ಬಿಗಿಯಬೇಡಿ, ಬೇರಿಂಗ್ ಹೋಗುತ್ತದೆ. ವಾಟರ್ ಪಂಪಿನ ಬೇರಿಂಗೂ ಜೊತೆಗೆ ಹೋಗಬಹುದು.

ಆಲ್ಟರ್ನೇಟರ್ ಒಳಗೆ ಏನು ಕೆಟ್ಟಿದೆ ಅಂತ ಬಿಚ್ಚದೆ ಹೇಳಬಹುದಾ?

ಸುಮಾರಾಗಿ ಹೇಳಬಹುದು. ಚಾರ್ಜಿಂಗ್ ಬಂದು ಹೋಗಿ ಮಾಡುತ್ತಿದ್ದು, ಆಲ್ಟರ್ನೇಟರ್ ಮೈಗೆ ಸ್ಕ್ರೂಡ್ರೈವರ್ ಹಿಡಿಯಿಂದ ಮೆಲ್ಲಗೆ ತಟ್ಟಿದಾಗ ಚಾರ್ಜಿಂಗ್ ಶುರುವಾದರೆ ಬ್ರಷ್ ಸವೆದಿದೆ. ಬ್ರಷ್ ಎಂದರೆ ಹಿಂದಿನಿಂದ ಸ್ಪ್ರಿಂಗ್ ಒತ್ತುವ ಎರಡು ಸಣ್ಣ ಕಾರ್ಬನ್ ತುಂಡು, ಅಷ್ಟೇ. 5 ಮಿಲಿಮೀಟರ್‌ಗಿಂತ ಕಡಿಮೆ ಹೊರಗೆ ಚಾಚಿದ್ದರೆ ಬದಲಿಸುವ ಹೊತ್ತಾಯಿತು. ಎಷ್ಟೋ ಆಲ್ಟರ್ನೇಟರ್‌ಗಳಲ್ಲಿ ಬ್ರಷ್ಷು, ವೋಲ್ಟೇಜನ್ನು ಮಿತಿಯಲ್ಲಿಡುವ ರೆಗ್ಯುಲೇಟರ್ ಎರಡೂ ಒಂದೇ ತುಂಡಾಗಿ, ಹಿಂದಿನಿಂದ ಎರಡು ಸ್ಕ್ರೂ ಬಿಚ್ಚಿದರೆ ಕೈಗೆ ಬರುತ್ತವೆ. ಅಷ್ಟಕ್ಕೆ ಇಡೀ ಆಲ್ಟರ್ನೇಟರ್ ಬದಲಿಸಿದವರನ್ನು ಕಂಡಾಗ ನನಗೆ ನಿಜವಾಗಿ ಸಂಕಟವಾಗುತ್ತದೆ.

ಡಯೋಡ್‌ಗೆ ಮೀಟರನ್ನು ಎಸಿ ವೋಲ್ಟ್‌ಗೆ ಇಡಿ. ಆಲ್ಟರ್ನೇಟರ್ ಒಳಗೆ ಹುಟ್ಟುವುದು ಎಸಿ, ಡಯೋಡ್‌ಗಳು ಅದನ್ನು ಡಿಸಿ ಮಾಡುತ್ತವೆ. ಇಂಜಿನ್ ಓಡುತ್ತಾ ಲೈಟ್ ಹಾಕಿರುವಾಗ ಬ್ಯಾಟರಿಯ ಮೇಲೆ ಎಸಿ 0.5 ವೋಲ್ಟ್ ದಾಟಿದರೆ ಡಯೋಡ್ ಮೇಲೆ ಅನುಮಾನ ಪಡಿ. ಇಂಜಿನ್ ನಿಂತಿರುವಾಗಲೇ ಮೀಟರ್ ಎಸಿಯಲ್ಲಿ ದೊಡ್ಡ ಅಂಕಿ ತೋರಿಸಿದರೆ ಆ ಮೀಟರ್ ಈ ಕೆಲಸಕ್ಕೆ ಆಗುವುದಿಲ್ಲ. ರೇಸ್ ಕೊಟ್ಟಂತೆ ರೇಡಿಯೋದಲ್ಲಿ ಕುಯ್ಯ್ ಎನ್ನುವ ಸದ್ದು ಏರುವುದೂ ಡಯೋಡ್ ಹೋದ ಗುರುತಿರಬಹುದು.

ಕೆಲವು ಹಳೇ ಡೀಸೆಲ್ ಕಾರುಗಳಲ್ಲಿ ಬ್ರೇಕ್‌ನ ವ್ಯಾಕ್ಯೂಮ್ ಪಂಪ್ ಆಲ್ಟರ್ನೇಟರಿನ ಬೆನ್ನಿಗೇ ಇರುತ್ತದೆ. ಅದರ ಸೀಲ್ ಹೋದರೆ ಇಂಜಿನ್ ಆಯಿಲ್ ಒಳಗೆ ನುಗ್ಗಿ ಬ್ರಷ್ಷಿನ ಕಥೆ ಮುಗಿಯುತ್ತದೆ. ಹೊಸ ಬ್ರಷ್ ಹಾಕುವ ಮುಂಚೆ ಆಯಿಲ್ ಎಲ್ಲಿಂದ ಬಂತು ನೋಡಿ.

ವೋಲ್ಟೇಜು 15ಕ್ಕಿಂತ ಜಾಸ್ತಿ ಹೋಗುತ್ತಿದೆ. ಓಡಿಸಬಹುದಾ?

ಓಡಿಸಬೇಡಿ. ರೇಸ್ ಕೊಟ್ಟಾಗ ಹೆಡ್‌ಲೈಟ್ ಉರಿದೇಳುವುದು, ಬಲ್ಬುಗಳು ಪದೇ ಪದೇ ಸುಡುವುದು, ಬ್ಯಾಟರಿ ನೀರು ಬೇಗ ಇಳಿಯುವುದು, ಕೊಳೆತ ಮೊಟ್ಟೆಯ ವಾಸನೆ ಇವೆಲ್ಲ ಓವರ್‌ಚಾರ್ಜ್‌ನ ಗುರುತು. ಸಾಮಾನ್ಯವಾಗಿ ರೆಗ್ಯುಲೇಟರ್ ಹೋಗಿರುತ್ತದೆ. ಆದರೆ ರೆಗ್ಯುಲೇಟರ್ ಬೇರೆ ಡಬ್ಬಿಯಾಗಿ ಬಾಡಿಗೆ ಕೂರಿಸಿರುವ ಗಾಡಿಗಳಲ್ಲಿ ಅದರ ಸ್ಕ್ರೂ ಕೆಳಗಿನ ತುಕ್ಕನ್ನು ಮೊದಲು ನೋಡಿ. ಆ ಡಬ್ಬಿಗೆ ಅರ್ಥ್ ಸಿಗದಿದ್ದರೆ ಬ್ಯಾಟರಿಯ ನಿಜವಾದ ವೋಲ್ಟೇಜು ಅದಕ್ಕೆ ಕಾಣುವುದಿಲ್ಲ. ಬ್ಯಾಟರಿ ವೋಲ್ಟೇಜನ್ನು ರೆಗ್ಯುಲೇಟರಿಗೆ ತಿಳಿಸುವ ಸೆನ್ಸ್ ವೈರ್ ಬೇರೆಯಾಗಿ ಬರುವ ಗಾಡಿಯಲ್ಲಿ ಆ ವೈರು ತುಂಡಾದರೂ ಹೀಗೇ.

ರಾತ್ರಿ ನಿಂತಲ್ಲೇ ಬ್ಯಾಟರಿ ಇಳಿಯುತ್ತಿದೆ. ಕಳ್ಳನನ್ನು ಹಿಡಿಯುವುದು ಹೇಗೆ?

ಎಲ್ಲ ಆಫ್ ಮಾಡಿ, ಬಾಗಿಲು ಮುಚ್ಚಿ, ಬ್ಯಾಟರಿಯ ಅರ್ಥ್ ವೈರ್ ಬಿಚ್ಚಿ. ಮೀಟರಿನ ಕೆಂಪು ಕಡ್ಡಿಯ ವೈರನ್ನು 10 ಆಂಪಿಯರ್ ತೂತಿಗೆ ಹಾಕಿ, ಮೀಟರನ್ನು ಕಂಬಕ್ಕೂ ವೈರಿಗೂ ನಡುವೆ ಸೇರಿಸಿ. ಈ ಸ್ಥಿತಿಯಲ್ಲಿ ಕೀ ತಿರುಗಿಸಬೇಡಿ, ಮೀಟರಿನ ಫ್ಯೂಸ್ ಹೋಗುತ್ತದೆ. ಗಡಿಯಾರ, ರೇಡಿಯೋ ನೆನಪಿಗೆ 20ರಿಂದ 50 ಮಿಲಿಆಂಪಿಯರ್ ಸಹಜ. ಅದಕ್ಕಿಂತ ಜಾಸ್ತಿ ಇದ್ದರೆ ಒಂದೊಂದೇ ಫ್ಯೂಸ್ ಕೀಳುತ್ತಾ ಬನ್ನಿ. ಯಾವುದನ್ನು ಕಿತ್ತಾಗ ಅಂಕಿ ಬೀಳುತ್ತದೋ ಆ ಸರ್ಕ್ಯೂಟ್‌ನಲ್ಲಿದೆ ಕಳ್ಳ. ಡಿಕ್ಕಿಯ 5 ವ್ಯಾಟ್ ದೀಪ ಆರದೇ ಉಳಿದರೆ ದಿನಕ್ಕೆ 10 ಆಂಪಿಯರ್ ಅವರ್ ತಿನ್ನುತ್ತದೆ. 45 ಆಂಪಿಯರ್ ಅವರ್ ಬ್ಯಾಟರಿ ಎರಡೂವರೆ ದಿನದೊಳಗೆ ಅರ್ಧ ಖಾಲಿ. ಎಲ್ಲ ಫ್ಯೂಸ್ ಕಿತ್ತರೂ ಅಂಕಿ ಬೀಳದಿದ್ದರೆ ಆಲ್ಟರ್ನೇಟರಿನ ಡಯೋಡ್, ಇಲ್ಲವೇ ಫ್ಯೂಸ್ ದಾಟಿಸಿ ನೇರ ಬ್ಯಾಟರಿಗೆ ಕೊಟ್ಟಿರುವ ಹಾರ್ನು, ಅಲಾರಂ, ಆಂಪ್ಲಿಫೈಯರ್ ನೋಡಿ.

ಇಂಜಿನ್ ಓಡುವಾಗ ಬ್ಯಾಟರಿ ವೈರ್ ಕಿತ್ತು ಪರೀಕ್ಷೆ ಮಾಡುತ್ತಾರಲ್ಲ, ಸರಿಯಾ?

ಬೇಡ. ಆಲ್ಟರ್ನೇಟರಿಗೂ ಮುಂಚಿನ ಡೈನಮೋ ಕಾಲದಿಂದ ಬಂದ ಅಭ್ಯಾಸ ಅದು. ಆಲ್ಟರ್ನೇಟರ್ ಪೂರ್ತಿ ಚಾರ್ಜ್ ಕೊಡುತ್ತಿರುವಾಗ ಬ್ಯಾಟರಿ ಕಳಚಿದರೆ ವೋಲ್ಟೇಜು ಒಮ್ಮೆಲೇ ಹತ್ತಾರು ವೋಲ್ಟ್ ಮೇಲೆ ಹಾರುತ್ತದೆ. ಡಯೋಡ್, ರೆಗ್ಯುಲೇಟರ್, ಎಲೆಕ್ಟ್ರಾನಿಕ್ ಇಗ್ನಿಷನ್ ಯಾವುದು ಬೇಕಾದರೂ ಆ ಹೊಡೆತಕ್ಕೆ ಸುಡಬಹುದು. ಇಂಜಿನ್ ಓಡುತ್ತಲೇ ಇತ್ತು ಎಂದ ಮಾತ್ರಕ್ಕೆ ಚಾರ್ಜಿಂಗ್ ಸರಿಯಿದೆ ಅಂತಲೂ ಗೊತ್ತಾಗುವುದಿಲ್ಲ. ಯಾರಾದರೂ ನಿಮ್ಮ ಗಾಡಿಗೆ ಹೀಗೆ ಮಾಡಲು ಹೊರಟರೆ ಕೈ ಹಿಡಿದು ನಿಲ್ಲಿಸಿ.

ನನ್ನದು ಡೈನಮೋ ಇರುವ ಇನ್ನೂ ಹಳೇ ಗಾಡಿ. ಇದೇ ಅಂಕಿಗಳು ಸಾಕಾ?

ಸಾಲದು. ದೊಡ್ಡ ಸಂಖ್ಯೆಯಲ್ಲಿ ತಯಾರಾಗುವ ಕಾರುಗಳಿಗೆ ಆಲ್ಟರ್ನೇಟರ್ ಬಂದದ್ದು 1960ರ ದಶಕದಲ್ಲಿ. ಕ್ರೈಸ್ಲರ್ ಕಂಪನಿ 1960ರ ವೇಲಿಯಂಟ್ ಕಾರಿಗೆ ಅದನ್ನು ಹಾಕಿತು. ಅದಕ್ಕೂ ಹಿಂದಿನ ಗಾಡಿಗಳಲ್ಲಿ ಡೈನಮೋ. ಅದು ಐಡಲ್‌ನಲ್ಲಿ ಚಾರ್ಜ್ ಮಾಡುವುದೇ ಇಲ್ಲ ಎನ್ನಬಹುದು, ಆಗ ದೀಪ ಮಿಣುಕುವುದು ಸಹಜ. ಡಿ ಮತ್ತು ಎಫ್ ಎಂಬ ಎರಡು ಟರ್ಮಿನಲ್ ಇರುವ ಲ್ಯೂಕಾಸ್ ಮಾದರಿಯದಾದರೆ ಎರಡೂ ವೈರ್ ಬಿಚ್ಚಿ, ಆ ಎರಡು ಟರ್ಮಿನಲ್ಲನ್ನು ಸಣ್ಣ ತಂತಿಯಿಂದ ಸೇರಿಸಿ, ಅಲ್ಲಿಂದ ಡೈನಮೋ ಮೈಗೆ ವೋಲ್ಟೇಜು ಅಳೆಯಿರಿ. ಇಂಜಿನ್ ವೇಗವನ್ನು ನಿಧಾನಕ್ಕೆ ಏರಿಸಿದಂತೆ ಅಂಕಿ ಸರಾಗವಾಗಿ ಏರಬೇಕು. 20 ವೋಲ್ಟ್ ದಾಟಲು ಬಿಡಬೇಡಿ. ಏರಿದರೆ ಡೈನಮೋ ಸರಿಯಿದೆ, ಡೈನಮೋವನ್ನು ಬ್ಯಾಟರಿಗೆ ಸೇರಿಸುವ, ಬಿಡಿಸುವ ಕಟ್‌ಔಟ್ ಡಬ್ಬಿ ಕಡೆ ಹೋಗಿ. ಕೆಲಸಕ್ಕೆ ಕೈ ಹಾಕುವ ಮುಂಚೆ ಗಾಡಿ ಪಾಸಿಟಿವ್ ಅರ್ಥ್ (ಬ್ಯಾಟರಿಯ ಪ್ಲಸ್ಸೇ ಬಾಡಿಗೆ ಸೇರಿರುವುದು) ಹೌದೋ ಅಲ್ಲವೋ ನೋಡಿಕೊಳ್ಳಿ. ಆ ಕಾಲದ ಎಷ್ಟೋ ಬ್ರಿಟಿಷ್ ಕಾರುಗಳು ಹಾಗಿವೆ.

ಬ್ಯಾಟರಿ ಪೂರ್ತಿ ಡೌನ್. ಜಂಪ್ ಮಾಡಿ ಓಡಿಸಿದರೆ ತುಂಬುತ್ತದಲ್ಲ?

ತುಂಬಬಹುದು, ಆದರೆ ಆಲ್ಟರ್ನೇಟರಿಗೆ ಒಳ್ಳೆಯದಲ್ಲ. ಇಳಿದಿರುವ ಬ್ಯಾಟರಿ ಎಷ್ಟು ಕೊಟ್ಟರೂ ಎಳೆಯುತ್ತದೆ. ಆಲ್ಟರ್ನೇಟರ್ ಗಂಟೆಗಟ್ಟಲೆ ತನ್ನ ಮಿತಿಯಲ್ಲಿ ದುಡಿದು ಕಾಯುತ್ತದೆ. ಹೊರಗಿನ ಚಾರ್ಜರ್‌ನಲ್ಲಿ ರಾತ್ರಿಯಿಡೀ ನಿಧಾನಕ್ಕೆ ತುಂಬಿಸಿ. ಹೊಸ ಆಲ್ಟರ್ನೇಟರ್ ಹಾಕಿದ ದಿನವಂತೂ ತುಂಬಿದ ಬ್ಯಾಟರಿಯೊಂದಿಗೇ ಶುರು ಮಾಡಿ.

ಓಡಿಸುತ್ತಿರುವಾಗ ದೀಪ ಹತ್ತಿತು. ಮನೆ ತನಕ ಹೋಗಬಹುದಾ?

ಮೊದಲು ನೋಡಬೇಕಾದ್ದು ಟೆಂಪರೇಚರ್ ಮುಳ್ಳು. ಬಹಳಷ್ಟು ಹಳೇ ಕಾರುಗಳಲ್ಲಿ ಆಲ್ಟರ್ನೇಟರನ್ನೂ ವಾಟರ್ ಪಂಪನ್ನೂ ತಿರುಗಿಸುವುದು ಒಂದೇ ಬೆಲ್ಟ್. ಅದು ತುಂಡಾಗಿದ್ದರೆ ಚಾರ್ಜಿಂಗ್ ಜೊತೆಗೆ ಇಂಜಿನ್ನಿನ ತಂಪೂ ನಿಂತಿದೆ. ಕೂಡಲೇ ಪಕ್ಕಕ್ಕೆ ನಿಲ್ಲಿಸಿ ಬಾನೆಟ್ ಎತ್ತಿ. ಬೆಲ್ಟ್ ಇಲ್ಲದಿದ್ದರೆ ಒಂದು ಕಿಲೋಮೀಟರ್ ಕೂಡ ಓಡಿಸಬೇಡಿ.

ಬೆಲ್ಟ್ ಇದ್ದರೆ ಉಳಿದದ್ದು ಲೆಕ್ಕ. ಕಾರ್ಬ್ಯುರೇಟರ್ ಇರುವ ಪೆಟ್ರೋಲ್ ಗಾಡಿಗೆ ಹಗಲಿನಲ್ಲಿ ಇಗ್ನಿಷನ್‌ಗೆ ಬೇಕಾದ್ದು ನಾಲ್ಕು ಆಂಪಿಯರ್ ಆಸುಪಾಸು. ತುಂಬಿದ 45 ಆಂಪಿಯರ್ ಅವರ್ ಬ್ಯಾಟರಿ ಕೆಲವು ಗಂಟೆ ಎಳೆಯುತ್ತದೆ. ರಾತ್ರಿಯಾದರೆ ಹೆಡ್‌ಲೈಟ್, ಹಿಂದಿನ ದೀಪ ಸೇರಿ ಹದಿನೈದು ಆಂಪಿಯರ್ ಆಗುತ್ತದೆ. ಕಾಗದದ ಮೇಲೆ ಮೂರು ಗಂಟೆ. ಹಳೇ ಬ್ಯಾಟರಿಯಾದರೆ ಅದರ ಅರ್ಧವನ್ನೂ ನಂಬಬೇಡಿ. ಬ್ಲೋವರ್, ರೇಡಿಯೋ, ಮೊಬೈಲ್ ಚಾರ್ಜರ್ ಎಲ್ಲ ಆಫ್ ಮಾಡಿ. ದಾರಿಯಲ್ಲಿ ಇಂಜಿನ್ ಆಫ್ ಮಾಡಬೇಡಿ, ಮತ್ತೆ ಸೆಲ್ಫ್ ಹೊಡೆಯುವಷ್ಟು ಉಳಿದಿರುವುದಿಲ್ಲ. ಹೆಡ್‌ಲೈಟ್ ಹಳದಿಯಾಗಿ, ಇಂಡಿಕೇಟರ್ ನಿಧಾನವಾಗಿ ಮಿನುಗಲು ಶುರುವಾದರೆ ಇನ್ನು ಕೆಲವೇ ನಿಮಿಷ ಇದೆ. ಆಗ ಮನೆಯ ಆಸೆ ಬಿಟ್ಟು, ಬೆಳಕಿರುವ, ಬೇರೆ ಗಾಡಿಗಳಿಗೆ ಅಡ್ಡವಾಗದ ಜಾಗ ನೋಡಿ ನಿಲ್ಲಿಸಿ.